ಕಡಲಿಲ್ಲದ ಸೀಮೆಯಲ್ಲಿ ಮರದ ಹಡಗು

ಬೇಲೂರಿನ ಚೆನ್ನಕೇಶವ ದೇವಾಲಯದ ಗರ್ಭಗುಡಿಯ ಮೇಲೆ ಇಂದು ಶಿಖರವಿಲ್ಲ. ಇಟ್ಟಿಗೆ, ಗಾರೆ ಮತ್ತು ಮರವನ್ನು ಬಳಸಿ ಕಟ್ಟಿದ್ದ ಮೇಲ್ಕಟ್ಟಡವು ಶಿಥಿಲಗೊಂಡು 19ನೆಯ ಶತಮಾನದಲ್ಲಿ ಇಲ್ಲವಾದ ಮೇಲೆ, 1117ರಲ್ಲಿ ವಿಷ್ಣುವರ್ಧನನ ಆಳ್ವಿಕೆಯಲ್ಲಿ ಪ್ರತಿಷ್ಠೆಗೊಂಡ ಆ ದೇಗುಲದ ಪೂರ್ಣ ರೂಪ ಹೇಗಿದ್ದಿರಬಹುದೆಂಬುದು ವಾಸ್ತುವಿದ್ವಾಂಸರ ಮುಂದೆ ಪ್ರಶ್ನೆಯಾಗಿ ನಿಂತಿತು. ಉತ್ತರ ಹುಡುಕುವವರು ನೋಡುವುದು ಬಾಗಿಲುಗಳ ಮೆಟ್ಟಿಲುಗಳ ಇಕ್ಕೆಲಗಳಲ್ಲಿರುವ ಕಲ್ಲಿನ ಕಿರುಗುಡಿಗಳನ್ನು. ಅವುಗಳ ಶಿಖರಗಳು ಭೂಮಿಜವೆಂಬ ಶೈಲಿಯಲ್ಲಿವೆ, ಅಂದರೆ ನಾಲ್ಕು ಮುಖಗಳಲ್ಲಿ ನೇರವಾಗಿ ಮೇಲೇರುವ ಪಟ್ಟಿಗಳೂ ಆ ಪಟ್ಟಿಗಳ ನಡುವೆ ಸಾಲುಸಾಲಾಗಿ ಕಿರಿದಾಗುತ್ತ ಹೋಗುವ ಪುಟ್ಟ ಶಿಖರಗಳೂ ಅವಕ್ಕಿವೆ; ದೊಡ್ಡ ಗುಡಿಯ ಶಿಖರವೂ ಹಾಗೆಯೇ ಇದ್ದಿರಬೇಕೆಂದು ವಿದ್ವಾಂಸರು ಊಹಿಸುವುದಕ್ಕೆ ಈ ಕಿರುಗುಡಿಗಳೇ ಮುಖ್ಯ ಆಧಾರ. ಮೂಲವು ಅಳಿದಲ್ಲಿ ಮಾದರಿಯು ಸಾಕ್ಷಿ ನುಡಿಯುವುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಕರ್ನಾಟಕದಲ್ಲಿ ಸಿಗುವುದು ಕಷ್ಟ.

ಮಾದರಿ ನಿರ್ಮಾಣವನ್ನು ಮಕ್ಕಳ ಆಟಿಕೆಗಳ ಸಾಲಿಗೆ ಸೇರಿಸಿ ಮರೆಯುವ ರೂಢಿ ನಮ್ಮಲ್ಲಿರುವುದರಿಂದ ಈ ಮಾತನ್ನು ಮೊದಲಿಗೇ ಹೇಳಬೇಕಾಯಿತು. ಹೊಯ್ಸಳ ಸ್ಥಪತಿಗಳು ದೇವಾಲಯದ ಗೋಡೆ ಮತ್ತು ಶಿಖರಗಳನ್ನು ಕಟ್ಟಿದ್ದೇ ಕಿರುಗುಡಿಗಳ ಜೋಡಣೆಯಿಂದ: ಚೌಕ ತಳದ ಕೂಟ, ಉದ್ದನೆಯ ಶಾಲಾ, ಕಿರಿದಾದ ಪಂಜರ ಎಂದು ಕರೆಯಲಾಗುವ ಈ ಅಂಗಗಳು ಒಂದೊಂದೂ ಪೂರ್ಣ ಗುಡಿಯ ಅಳತೆಗಿಳಿಸಿದ ರೂಪಗಳೇ ಆಗಿವೆ. ಹೀಗೆ ದೊಡ್ಡದನ್ನು ಅದರ ಪ್ರಮಾಣ ಕೆಡದಂತೆ ಚಿಕ್ಕದಾಗಿಸುವ ಬುದ್ಧಿ ಹಳೇಬೀಡು, ಬೇಲೂರು, ಅರಸೀಕೆರೆಗಳ ಕಲ್ಲುಗಳಲ್ಲಿ ಎಂಟು ಶತಮಾನಗಳಿಗೂ ಹಿಂದಿನಿಂದ ನೆಲೆಸಿದೆ. ಅದೇ ಬುದ್ಧಿಯನ್ನು ಮರದಲ್ಲಿ, ಅದರಲ್ಲಿಯೂ ಹಡಗಿನ ರೂಪದಲ್ಲಿ ಅಭ್ಯಾಸ ಮಾಡುವ ಒಂದು ಹವ್ಯಾಸ ಪ್ರಪಂಚದ ಹಲವು ದೇಶಗಳಲ್ಲಿ ಬೇರೂರಿದ್ದು, ಅದರ ಮೊದಲ ಮೆಟ್ಟಿಲು ಪೆಟ್ಟಿಗೆಯಲ್ಲಿ ಬರುವ ಮರದ ಹಡಗಿನ ಕಿಟ್. ಆ ಮೊದಲ ಕಿಟ್ಟನ್ನು ಆರಂಭಿಸುವುದಕ್ಕೂ ಮುಗಿಸುವುದಕ್ಕೂ ನಡುವೆ ಇರುವ ಅಂತರವೇ ಈ ಲೇಖನದ ವಿಷಯ.

ಹಡಗಿನ ಮಾದರಿಗಳ ಇತಿಹಾಸ ಹಡಗುಗಳಷ್ಟೇ ಹಳೆಯದೆನ್ನಬಹುದು. ಈಜಿಪ್ಟಿನ ಥೀಬ್ಸ್ ಬಳಿ ಮೆಕೆಟ್ರೆ ಎಂಬ ಅಧಿಕಾರಿಯ ಸಮಾಧಿಯಲ್ಲಿ 1920ರಲ್ಲಿ ದೊರೆತ, ಸುಮಾರು ನಾಲ್ಕು ಸಾವಿರ ವರ್ಷ ಹಳೆಯ 24 ಮರದ ಮಾದರಿಗಳಲ್ಲಿ ಹಲವು ದೋಣಿಗಳೇ ಆಗಿದ್ದು, ಅವು ಈಗ ಕೈರೋ ಮತ್ತು ನ್ಯೂಯಾರ್ಕ್ ನಗರಗಳ ವಸ್ತುಸಂಗ್ರಹಾಲಯಗಳಲ್ಲಿ ಹಂಚಿಹೋಗಿವೆ. ನೈಲ್ ನದಿಯ ದೋಣಿಗಳಲ್ಲಿ ಹುಟ್ಟುಹಾಕುವವರು ಎಲ್ಲಿ ಕೂರುತ್ತಿದ್ದರು, ಚುಕ್ಕಾಣಿ ಹೇಗಿತ್ತು ಎಂಬುದನ್ನು ಇಂದಿನವರು ತಿಳಿದುಕೊಂಡಿರುವುದು ಬಹುಮಟ್ಟಿಗೆ ಇಂತಹ ಮಾದರಿಗಳಿಂದ. 17ನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ನೌಕಾಪಡೆಗಾಗಿ ಸಿದ್ಧವಾದ ಮಾದರಿಗಳಲ್ಲಿ ಹಡಗಿನ ಕೆಳಭಾಗಕ್ಕೆ ಹಲಗೆ ಹೊದಿಸದೆ ಒಳಗಿನ ಪಕ್ಕೆಲುಬುಗಳು ಕಾಣುವಂತೆ ಬಿಡಲಾಗುತ್ತಿತ್ತು. ಮೂಲ ಹಡಗುಗಳು ಮುಳುಗಿ, ಸುಟ್ಟು, ಕಳಚಿ ಹೋದ ಎಷ್ಟೋ ಸಂದರ್ಭಗಳಲ್ಲಿ ಆ ಮಾದರಿಗಳೇ ಉಳಿದಿವೆ. ಸ್ವೀಡನ್ನಿನ ವಾಸಾ ಹಡಗಿನ ಕಥೆ ಇದಕ್ಕೆ ತಿರುಗುಮುರುಗು. 1628ರ ಆಗಸ್ಟ್ 10ರಂದು ತನ್ನ ಮೊದಲ ಯಾನದಲ್ಲಿಯೇ, ಮೇಲ್ಭಾಗದ ಭಾರ ಹೆಚ್ಚಾಗಿ, ಸ್ಟಾಕ್‌ಹೋಮ್ ಬಂದರಿನಲ್ಲಿ ಮಗುಚಿ ಮುಳುಗಿದ ಆ ಹಡಗನ್ನು 1961ರಲ್ಲಿ ಮೇಲೆತ್ತಲಾಯಿತು. ಅದನ್ನು ಕಟ್ಟಿದವರ ಬಳಿ ಈಗಿನಂತಹ ನಕ್ಷೆಗಳಿರಲಿಲ್ಲ. ಮುಖ್ಯ ಅಳತೆಗಳನ್ನು ಹಿಡಿದು, ಉಳಿದುದನ್ನು ಅನುಭವಕ್ಕೆ ಬಿಟ್ಟು ಕಟ್ಟುವುದು ಆ ಕಾಲದ ಪದ್ಧತಿಯಾಗಿತ್ತು. ಚಿಕ್ಕದಾಗಿ ಕಟ್ಟಿ ಪರೀಕ್ಷಿಸುವ ಶಾಸ್ತ್ರ ಬೆಳೆಯಲು ಇನ್ನೂ ಎರಡೂವರೆ ಶತಮಾನ ಬೇಕಾಯಿತು. 1870ರ ದಶಕದ ಆರಂಭದಲ್ಲಿ ವಿಲಿಯಂ ಫ್ರೌಡ್ ಎಂಬ ಎಂಜಿನಿಯರ್ ಇಂಗ್ಲೆಂಡಿನ ಟಾರ್ಕಿ ಎಂಬಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ, ಮಾದರಿ ಹಡಗುಗಳನ್ನು ಅದರಲ್ಲಿ ಎಳೆದು, ಅಲೆಗಳ ತಡೆಯನ್ನು ಅಳೆದನು. ಮಾದರಿಯು ಮೂಲದ 25ನೆಯ ಒಂದು ಭಾಗವಾಗಿದ್ದರೆ ಅದನ್ನು ಮೂಲದ ವೇಗದ 5ನೆಯ ಒಂದು ಭಾಗದಲ್ಲಿ, ಅಂದರೆ ಉದ್ದದ ಅನುಪಾತದ ವರ್ಗಮೂಲಕ್ಕೆ ತಕ್ಕಂತೆ, ಓಡಿಸಿದಾಗ ಅಲೆಗಳ ವಿನ್ಯಾಸ ಎರಡರಲ್ಲಿಯೂ ಒಂದೇ ಆಗಿರುತ್ತದೆಂಬುದು ಅವನ ನಿಯಮದ ಸಾರ.

ಸಮುದ್ರದಿಂದ ದೂರವಾಗಿ ಸಹ್ಯಾದ್ರಿಯ ಪೂರ್ವಕ್ಕಿರುವ ಅರಸೀಕೆರೆ ಸೀಮೆಗೂ ಹಡಗಿಗೂ ಏನು ಸಂಬಂಧವೆಂದು ಕೇಳುವವರಿಗೆ ಇಲ್ಲಿಯ ಶಾಸನವೇ ಉತ್ತರ ಕೊಡುತ್ತದೆ. ಹೊಯ್ಸಳರ ಕಾಲದ ಅರಸೀಕೆರೆ ಭಾಗದ ಶಾಸನವೊಂದು ಚಟ್ಟಿಸೆಟ್ಟಿ ಎಂಬ ವರ್ತಕನನ್ನು ಹೊಗಳುವಾಗ, ಅವನು ಕುದುರೆ, ಆನೆ, ಮುತ್ತುಗಳನ್ನು ಹಡಗುಗಳಲ್ಲಿ ತರಿಸಿ ಅರಸರಿಗೆ ಮಾರುತ್ತಿದ್ದನೆಂದು ಹೇಳುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಕೆಳಪಟ್ಟಿಗಳಲ್ಲಿ ಸಾಲುಗಟ್ಟಿ ಓಡುವ ಕುದುರೆಗಳನ್ನು ನೋಡುವವರು, ಆ ಕಾಲದ ಉತ್ತಮ ತಳಿಯ ಕುದುರೆಗಳು ಅರಬ್ಬೀ ಸಮುದ್ರವನ್ನು ದಾಟಿ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ಬರುತ್ತಿದ್ದವೆಂಬುದನ್ನೂ ನೆನೆಯಬೇಕು. ದೋರಸಮುದ್ರದ, ಅಂದರೆ ಇಂದಿನ ಹಳೇಬೀಡಿನ, ದೇವಾಲಯಗಳ ಹಿಂದೆ ಇದ್ದ ಸಂಪತ್ತಿನ ಒಂದು ಪಾಲು ಹಡಗಿನಲ್ಲಿ ಬಂದದ್ದು. ಆ ಹಡಗುಗಳು ಹೇಗಿದ್ದವು? ಮುಂಬಯಿಯ ಬೋರಿವಲಿ ಬಳಿಯ ಎಕ್ಸರ್‌ನ ವೀರಗಲ್ಲುಗಳಲ್ಲಿ ನೌಕಾಯುದ್ಧದ ದೃಶ್ಯಗಳಿದ್ದು, ಸಾಲು ಹುಟ್ಟುಗಳ ಹಡಗುಗಳನ್ನು ಅಲ್ಲಿ ಕಾಣಬಹುದು. ಕಲ್ಲಿನಲ್ಲಿ ಕೆತ್ತಿದ ಅಂತಹ ಕೆಲವು ಚಿತ್ರಗಳನ್ನೂ ಅಜಂತಾದಲ್ಲಿರುವ ಹಡಗಿನ ಭಿತ್ತಿಚಿತ್ರವನ್ನೂ ಬಿಟ್ಟರೆ ಹೆಚ್ಚಿನ ಆಧಾರಗಳು ದೊರೆಯುವುದಿಲ್ಲ. ಮರ ಮಣ್ಣಾಗಿದೆ, ಮಾದರಿಗಳನ್ನು ಮಾಡಿಡುವ ರೂಢಿಯಿರಲಿಲ್ಲ.

ಈ ಕೊರತೆಯನ್ನು ತುಂಬುವ ಬಹು ದೊಡ್ಡ ಪ್ರಯತ್ನವೊಂದು ಇತ್ತೀಚೆಗೆ ಕರ್ನಾಟಕದ ಕರಾವಳಿಯಲ್ಲಿಯೇ ಫಲ ಕಂಡಿತು. ಅಜಂತಾದ ಚಿತ್ರವನ್ನು ಆಧಾರವಾಗಿಟ್ಟುಕೊಂಡು 5ನೆಯ ಶತಮಾನದ ಹಡಗಿನ ರೂಪವನ್ನು ಮರುನಿರ್ಮಿಸುವ ಕೆಲಸ ಸಂಸ್ಕೃತಿ ಸಚಿವಾಲಯ, ಭಾರತೀಯ ನೌಕಾಪಡೆ ಮತ್ತು ಗೋವಾದ ಹೋಡಿ ಇನೊವೇಷನ್ಸ್ ಸಂಸ್ಥೆಗಳ ನಡುವಿನ 2023ರ ಒಪ್ಪಂದದಿಂದ ಆರಂಭವಾಯಿತು; ಕೇರಳದ ಕುಶಲಕರ್ಮಿಗಳು ಬಾಬು ಶಂಕರನ್ ಅವರ ಮುಂದಾಳ್ತನದಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದರು; 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಆ ಹಡಗು 'ಕೌಂಡಿನ್ಯ' ಎಂಬ ಹೆಸರಿನಿಂದ ನೌಕಾಪಡೆಗೆ ಸೇರಿತು. ಅದೇ ವರ್ಷದ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಕೌಂಡಿನ್ಯವು 2026ರ ಜನವರಿಯಲ್ಲಿ ಮಸ್ಕತ್ ತಲುಪಿತು. ಮೂಲ ನಕ್ಷೆಯಾಗಲಿ ಅವಶೇಷವಾಗಲಿ ಇಲ್ಲದ ಹಡಗನ್ನು ನೇರವಾಗಿ ಕಡಲಿಗಿಳಿಸುವಂತಿರಲಿಲ್ಲವಾದ್ದರಿಂದ ಮದ್ರಾಸ್ ಐಐಟಿಯ ಸಾಗರ ಎಂಜಿನಿಯರಿಂಗ್ ವಿಭಾಗದಲ್ಲಿ ಮೊದಲು ಅದರ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಲಾಯಿತು. ಚಿತ್ರದಿಂದ ಮಾದರಿಗೆ, ಮಾದರಿಯಿಂದ ಹಡಗಿಗೆ ಎಂಬ ಈ ಕ್ರಮದಲ್ಲಿ ನಡುವಿನ ಹೆಜ್ಜೆಯನ್ನು ತೆಗೆದರೆ ಉಳಿದೆರಡೂ ಕೂಡುವುದಿಲ್ಲ.

ಮಾರುಕಟ್ಟೆಯಲ್ಲಿ ಸಿಗುವ ಕಿಟ್ ಇದಕ್ಕಿಂತ ಬಹಳ ಸರಳವಾದದ್ದು. ಸ್ಪೇನ್, ಇಟಲಿ, ಡೆನ್ಮಾರ್ಕ್, ಅಮೆರಿಕಗಳ ಕಂಪನಿಗಳು ತಯಾರಿಸುವ ಪೆಟ್ಟಿಗೆಯನ್ನು ತೆರೆದರೆ ಅದರಲ್ಲಿ ಲೇಸರ್‌ನಿಂದ ಕತ್ತರಿಸಿದ ಪ್ಲೈವುಡ್ ಭಾಗಗಳು, ಲೈಮ್ ಮತ್ತು ವಾಲ್‌ನಟ್ ಮರದ ತೆಳುಪಟ್ಟಿಗಳ ಕಟ್ಟುಗಳು, ಹಾಯಿಕಂಬಗಳಿಗಾಗಿ ದುಂಡು ಕಡ್ಡಿಗಳು, ಹಿತ್ತಾಳೆಯ ಚಿಕ್ಕಪುಟ್ಟ ಸಾಮಾನುಗಳು, ದಾರದ ಉಂಡೆಗಳು ಮತ್ತು ನಕ್ಷೆಯ ಹಾಳೆಗಳು ಇರುತ್ತವೆ. ಹೊಸಬರು ಮೊದಲು ಅರಿಯಬೇಕಾದದ್ದು ಅಳತೆಯ ಪ್ರಮಾಣವನ್ನು. 1:48 ಎಂದರೆ ಮೂಲದ 48 ಸೆಂಟಿಮೀಟರು ಮಾದರಿಯಲ್ಲಿ 1 ಸೆಂಟಿಮೀಟರು ಆಗುತ್ತದೆ, 19.6 ಮೀಟರು ಉದ್ದ, 6.5 ಮೀಟರು ಅಗಲದ ಕೌಂಡಿನ್ಯವನ್ನು ಆ ಪ್ರಮಾಣದಲ್ಲಿ ಮಾಡಿದರೆ ಅದು ಸುಮಾರು 41 ಸೆಂಟಿಮೀಟರು ಉದ್ದ, 13.5 ಸೆಂಟಿಮೀಟರು ಅಗಲವಾಗಿ ಮೇಜಿನ ಮೇಲೆ ಕೂರುತ್ತದೆ, ಅದರ ನಾವಿಕನು ಮೂರೂವರೆ ಸೆಂಟಿಮೀಟರು ಎತ್ತರವಿರುತ್ತಾನೆ. ಪ್ರಮಾಣವನ್ನು ಸದಾ ಮನಸ್ಸಿನಲ್ಲಿಟ್ಟುಕೊಂಡವರಿಗೆ ದಪ್ಪ ದಾರವೊಂದನ್ನು ತಪ್ಪು ಜಾಗದಲ್ಲಿ ಬಳಸಿದರೆ ಅದು ಮೂಲದಲ್ಲಿ ಎಷ್ಟು ದಪ್ಪನೆಯ ಹಗ್ಗವಾಗುತ್ತಿತ್ತೆಂಬ ಲೆಕ್ಕ ತಾನಾಗಿ ಹೊಳೆಯುತ್ತದೆ, ಕಣ್ಣು ಕೂಡಲೇ ಒಪ್ಪದೆ ಹೋಗುತ್ತದೆ.

ಕೆಲಸ ಆರಂಭವಾಗುವುದು ಹಡಗಿನ ಬೆನ್ನೆಲುಬಿನಿಂದ. ಕೀಲ್ ಎಂದು ಕರೆಯುವ ಈ ಉದ್ದನೆಯ ಅಡಿಮರವು ಕಿಟ್ಟಿನಲ್ಲಿ ಪ್ಲೈವುಡ್ಡಿನ ಒಂದು ಹಲಗೆಯಾಗಿರುತ್ತದೆ. ಅದಕ್ಕೆ ಅಡ್ಡಲಾಗಿ ಬಲ್ಕ್‌ಹೆಡ್ ಎಂಬ ಅಡ್ಡಗೋಡೆಗಳನ್ನು ಕಚ್ಚುಗಳಲ್ಲಿ ಕೂರಿಸಿ ಅಂಟಿಸಿದಾಗ ಹಡಗಿನ ಅಸ್ಥಿಪಂಜರ ಸಿದ್ಧವಾಗುತ್ತದೆ. ಪೆಟ್ಟಿಗೆಯಿಂದ ಹೊರಬರುವ ಪ್ಲೈವುಡ್ ಒಂದಿಷ್ಟಾದರೂ ಬಾಗಿರಬಹುದು, ಅದನ್ನು ನೇರ ಮಾಡದೆ ಮುಂದುವರಿದರೆ ಮುಂದಿನ ಯಾವ ಕೌಶಲವೂ ಆ ಬಾಗನ್ನು ಮುಚ್ಚಲಾರದು. ಆದ್ದರಿಂದ ನುರಿತವರು ಕೀಲನ್ನು ಎರಡು ನೇರ ಮರದ ತುಂಡುಗಳ ನಡುವೆ ಬಿಗಿದಿಟ್ಟೇ ಅಡ್ಡಗೋಡೆಗಳನ್ನು ಅಂಟಿಸುತ್ತಾರೆ. ಬಳಿಕ ಬರುವುದು ಅಂಚುಗಳನ್ನು ಓರೆಯಾಗಿ ಉಜ್ಜುವ ಹಂತ. ಹಡಗಿನ ಒಡಲು ಮುಂದೆಯೂ ಹಿಂದೆಯೂ ಕಿರಿದಾಗುವುದರಿಂದ ಅಲ್ಲಿಯ ಅಡ್ಡಗೋಡೆಗಳ ಅಂಚು ಚೌಕವಾಗಿಯೇ ಉಳಿದರೆ ಹಲಗೆಪಟ್ಟಿಯು ಅಂಚಿನ ಒಂದು ಮೂಲೆಯನ್ನು ಮಾತ್ರ ಮುಟ್ಟುತ್ತದೆ. ಪಟ್ಟಿಯೊಂದನ್ನು ಅಡ್ಡಗೋಡೆಗಳ ಮೇಲೆ ಹಾಸಿ, ಅದು ಎಲ್ಲ ಅಂಚುಗಳಲ್ಲಿಯೂ ಪೂರ್ತಿ ಕೂರುವವರೆಗೆ ಸ್ಯಾಂಡ್ ಪೇಪರಿನಿಂದ ಉಜ್ಜುತ್ತಿರಬೇಕು. ಕಾಣುವ ಫಲವಿಲ್ಲದ ಈ ಹಂತವನ್ನು ಹೊಸಬರು ಅವಸರದಲ್ಲಿ ದಾಟಿಬಿಡುತ್ತಾರೆ, ಆದರೆ ಮಾದರಿಯ ರೂಪ ನಿಶ್ಚಯವಾಗುವುದು ಇಲ್ಲಿಯೇ.

ಹಲಗೆ ಹೊದಿಸುವುದು ಕೌಶಲದ ನಿಜವಾದ ಪರೀಕ್ಷೆ. ಅನೇಕ ಕಿಟ್ಟುಗಳಲ್ಲಿ ಎರಡು ಪದರಗಳಿರುತ್ತವೆ: ಒಂದೂವರೆ ಮಿಲಿಮೀಟರು ದಪ್ಪದ ಲೈಮ್ ಪಟ್ಟಿಗಳ ಒಳಪದರ, ಅದರ ಮೇಲೆ ಅರ್ಧ ಮಿಲಿಮೀಟರಿನಷ್ಟು ತೆಳುವಾದ ವಾಲ್‌ನಟ್ ಪಟ್ಟಿಗಳ ಹೊರಪದರ. ಹಡಗಿನ ನಡುಭಾಗದ ಸುತ್ತಳತೆಯು ಮೂತಿಯ ಸುತ್ತಳತೆಗಿಂತ ಬಹಳ ಹೆಚ್ಚಾದ್ದರಿಂದ, ನಡುವಿನಲ್ಲಿ ಪೂರ್ಣ ಅಗಲದಲ್ಲಿ ಕೂರುವ ಪಟ್ಟಿಗಳನ್ನೇ ಮೂತಿಯವರೆಗೂ ಎಳೆದರೆ ಅವು ಒಂದರ ಮೇಲೊಂದು ಏರುತ್ತವೆ. ಹಾಗಾಗಿ ಪ್ರತಿಯೊಂದು ಪಟ್ಟಿಯನ್ನೂ ತುದಿಯತ್ತ ಕಿರಿದಾಗಿಸಬೇಕು. ಎಷ್ಟು ಕಿರಿದಾಗಿಸಬೇಕೆಂಬುದನ್ನು ಊಹೆಗೆ ಬಿಡುವಂತಿಲ್ಲ. ಪ್ರತಿ ಅಡ್ಡಗೋಡೆಯ ಅಂಚಿನ ಉದ್ದವನ್ನು ಕಾಗದದ ಪಟ್ಟಿಯಿಂದ ಅಳೆದು, ಅದನ್ನು ಪಟ್ಟಿಗಳ ಸಂಖ್ಯೆಯಿಂದ ಭಾಗಿಸಿ, ಆಯಾ ಜಾಗದಲ್ಲಿ ಪಟ್ಟಿಯ ಅಗಲ ಎಷ್ಟಿರಬೇಕೆಂಬ ಗುರುತನ್ನು ಮೊದಲೇ ಹಾಕಿಕೊಳ್ಳುವುದು ಸರಿಯಾದ ವಿಧಾನ. ಹಿಂಭಾಗದಲ್ಲಿ ಇದಕ್ಕೆ ವಿರುದ್ಧವಾದ ತೊಂದರೆ ಎದುರಾಗಿ ಪಟ್ಟಿಗಳ ನಡುವೆ ಸೀಳು ಬಿಟ್ಟುಕೊಂಡರೆ ಅಲ್ಲಿ ಬೆಣೆಯಾಕಾರದ ಚಿಕ್ಕ ತುಂಡುಗಳನ್ನು ಸೇರಿಸಬೇಕಾಗುತ್ತದೆ. ಮೂತಿಯ ತಿರುವಿಗೆ ಪಟ್ಟಿಯನ್ನು ಬಗ್ಗಿಸಲು ಅದನ್ನು ನೀರಿನಲ್ಲಿ ನೆನೆಸಿ ಬಿಸಿ ಲೋಹದ ಮೇಲೆ ಮೆಲ್ಲಗೆ ಒತ್ತುತ್ತಾರೆ. ಒಣಗಿದ ಮೇಲೆ ಅದು ತೆಗೆದುಕೊಂಡ ತಿರುವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಎಡಕ್ಕೊಂದು ಬಲಕ್ಕೊಂದು ಎಂಬಂತೆ ಎರಡೂ ಬದಿಗಳನ್ನು ಸರದಿಯಲ್ಲಿ ಹೊದಿಸುತ್ತ ಹೋಗಬೇಕೆಂಬುದು ಇಲ್ಲಿಯ ತಪ್ಪಿಸಬಾರದ ನಿಯಮ, ಏಕೆಂದರೆ ಒಂದು ಬದಿಯನ್ನು ಪೂರ್ತಿ ಮುಗಿಸಿಬಿಟ್ಟರೆ ಬಿಗಿದ ಪಟ್ಟಿಗಳ ಎಳೆತಕ್ಕೆ ಇಡೀ ಬೆನ್ನೆಲುಬು ಆ ಕಡೆಗೆ ಬಾಗುತ್ತದೆ.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ. ಮೊದಲು ಪಕ್ಕೆಲುಬು, ಆಮೇಲೆ ಹಲಗೆ ಎಂಬ ಈ ಕ್ರಮ ಯೂರೋಪಿನ ದೊಡ್ಡ ಹಡಗುಗಳ ಕೊನೆಯ ಕೆಲವು ಶತಮಾನಗಳ ಪದ್ಧತಿ. ಹಿಂದೂ ಮಹಾಸಾಗರದ ಪರಂಪರೆಯಲ್ಲಿ ಕ್ರಮವೇ ಬೇರೆಯಾಗಿತ್ತು: ಅಡಿಮರದ ಮೇಲೆ ಹಲಗೆಗಳನ್ನು ಒಂದಕ್ಕೊಂದು ಅಂಚು ಸೇರಿಸಿ, ರಂಧ್ರಗಳನ್ನು ಕೊರೆದು, ನಾರಿನ ಹಗ್ಗದಿಂದ ಹೊಲಿದು ಹೊರಚಿಪ್ಪನ್ನು ಮೊದಲು ರೂಪಿಸಿ, ಅದು ನಿಂತ ಮೇಲೆ ಒಳಗೆ ಪಕ್ಕೆಲುಬುಗಳನ್ನು ಕೂರಿಸಲಾಗುತ್ತಿತ್ತು. ಕೇರಳದ ಬೇಪೂರಿನಲ್ಲಿ ಉರು ಎಂಬ ದೊಡ್ಡ ಮರದ ಹಡಗುಗಳನ್ನು ಕಟ್ಟುವವರು ಮೊಳೆಗಳನ್ನು ಬಳಸತೊಡಗಿದ ಮೇಲೂ ಹಲಗೆ ಮೊದಲೆಂಬ ಕ್ರಮವನ್ನು ಉಳಿಸಿಕೊಂಡು ಬಂದರು. ಅಲ್ಲಿ ರೂಪವು ನಕ್ಷೆಯ ಹಾಳೆಯಲ್ಲಿರದೆ ಮೇಸ್ತ್ರಿಯ ಕಣ್ಣಿನಲ್ಲಿರುತ್ತಿತ್ತು. ಹೊಲಿದ ಹಡಗಿನ ಒಡಲು ಅಲೆಯ ಪೆಟ್ಟಿಗೆ ಸ್ವಲ್ಪ ಬಳುಕಿ ತಡೆದುಕೊಳ್ಳುತ್ತದೆ, ತೆಂಗಿನ ನಾರು ಉಪ್ಪುನೀರಿನಲ್ಲಿ ಬೇಗ ಕೊಳೆಯುವುದಿಲ್ಲ, ಕಬ್ಬಿಣದ ಮೊಳೆಯಂತೆ ತುಕ್ಕು ಹಿಡಿದು ಸುತ್ತಲಿನ ಮರವನ್ನು ಕೆಡಿಸುವುದಿಲ್ಲ. 1980–81ರಲ್ಲಿ ಸಾಹಸಿ ಟಿಮ್ ಸೆವೆರಿನ್ ಒಮಾನಿನಿಂದ ಚೀನಾಕ್ಕೆ ನಡೆಸಿದ ಯಾನದ 'ಸೋಹಾರ್' ಹಡಗಿಗೆ ಮಲಬಾರಿನಿಂದ ಮರವನ್ನು ತರಿಸಿ, ಹಲಗೆಗಳನ್ನು ನಾರಿನ ಹಗ್ಗದಿಂದ ಹೊಲಿಯಲಾಗಿತ್ತು. ಕಿಟ್ ಕಟ್ಟುವವರು ಒಂದು ಪದ್ಧತಿಯನ್ನು ಮಾತ್ರ ಕಲಿಯುತ್ತಿದ್ದಾರೆಂಬ ಅರಿವು ಅವರಿಗಿದ್ದರೆ, ಮೊದಲ ಹಡಗು ಮುಗಿದ ಮೇಲೆ ಎರಡನೆಯದನ್ನು ಯಾವ ಕ್ರಮದಲ್ಲಿ ಕಟ್ಟಬೇಕೆಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಒಡಲು ಮುಗಿದು, ಡೆಕ್ ಎಂಬ ಮೇಲ್ಹಾಸಿನ ಪಟ್ಟಿಗಳು ಕೂತು, ಎಣ್ಣೆ ಅಥವಾ ವಾರ್ನಿಷ್ ಬಳಿದ ಮರದ ಎಳೆಗಳು ಮಿಂಚತೊಡಗಿದಾಗ ಮಾದರಿ ಮುಗಿದಂತೆಯೇ ಕಾಣುತ್ತದೆ. ಅರ್ಧಕ್ಕೆ ನಿಂತ ಮೊದಲ ಹಡಗುಗಳ ಪೈಕಿ ಬಹಳಷ್ಟು ನಿಲ್ಲುವುದು ಈ ಹಂತದಲ್ಲಿ, ಏಕೆಂದರೆ ಇನ್ನುಳಿದದ್ದು ಹಗ್ಗದ ಕೆಲಸ. ರಿಗ್ಗಿಂಗ್ ಎಂದು ಕರೆಯುವ ಈ ಭಾಗದಲ್ಲಿ ಎರಡು ಬಗೆಗಳುಂಟು. ಹಾಯಿಕಂಬವನ್ನು ಹಿಂದೆ, ಮುಂದೆ, ಪಕ್ಕಗಳಿಂದ ಬಿಗಿದು ನಿಲ್ಲಿಸುವ, ಡಾಂಬರು ಬಳಿದು ಕಪ್ಪಾದ ಕದಲದ ಹಗ್ಗಗಳು ಮೊದಲನೆಯ ಬಗೆ. ಹಾಯಿಯನ್ನೂ ಅದರ ಅಡ್ಡತೊಲೆಯನ್ನೂ ಏರಿಸಿ ಇಳಿಸಿ ತಿರುಗಿಸುವ, ನಾರಿನ ಬಣ್ಣದ ಚಲಿಸುವ ಹಗ್ಗಗಳು ಎರಡನೆಯದು. ಕಂಬದಿಂದ ಹಡಗಿನ ಬದಿಗೆ ಇಳಿಯುವ ಹಗ್ಗಗಳ ಕೆಳತುದಿಯಲ್ಲಿ ಮೂರು ರಂಧ್ರಗಳ ದುಂಡು ಮರದ ಬಿಲ್ಲೆಗಳನ್ನು ಜೋಡಿ ಜೋಡಿಯಾಗಿ ಕಟ್ಟಿ, ಅವುಗಳ ನಡುವೆ ದಾರ ಹಾಯಿಸಿ ಬಿಗಿತವನ್ನು ಹೊಂದಿಸುತ್ತಾರೆ. ಆ ಹಗ್ಗಗಳಿಗೆ ಅಡ್ಡಲಾಗಿ ಏಣಿಯ ಮೆಟ್ಟಿಲಿನಂತೆ ಕಟ್ಟುವ ತೆಳು ಹಗ್ಗಗಳ ಮೇಲೆ ಕಾಲಿಟ್ಟು ನಾವಿಕರು ಮೇಲೇರುತ್ತಿದ್ದರು. ಒಂದೇ ಕಂಬದ ಚಿಕ್ಕ ಹಡಗಿನಲ್ಲಿ ಬದಿಗೆ ನಾಲ್ಕು ಹಗ್ಗಗಳಿದ್ದು, 20 ಮೆಟ್ಟಿಲುಗಳನ್ನು ಕಟ್ಟಬೇಕೆಂದರೂ ಎರಡು ಬದಿಗಳಿಗೆ 160 ಗಂಟುಗಳಾಗುತ್ತವೆ. 1:48ರ ಪ್ರಮಾಣದಲ್ಲಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಇರುವ ಅಂತರ ಏಳೆಂಟು ಮಿಲಿಮೀಟರು ಮಾತ್ರ. ಮೂರು ಕಂಬಗಳ ಯುದ್ಧನೌಕೆಯಲ್ಲಿ ಈ ಲೆಕ್ಕ ಸಾವಿರವನ್ನು ಸುಲಭವಾಗಿ ದಾಟುತ್ತದೆ.

ಈ ಸೀಮೆಯ ಓದುಗರಿಗೆ ರಿಗ್ಗಿಂಗಿನ ತರ್ಕವನ್ನು ವಿವರಿಸಲು ತೇರಿಗಿಂತ ಹತ್ತಿರದ ವಸ್ತು ಬೇರೊಂದಿಲ್ಲ. ಅರಸೀಕೆರೆ ಬಳಿಯ ಮಾಲೇಕಲ್ಲು ತಿರುಪತಿಯಲ್ಲಿ ಆಷಾಢದಲ್ಲಿಯೂ ಬೇಲೂರಿನಲ್ಲಿ ಚೈತ್ರದಲ್ಲಿಯೂ ತೇರು ಎಳೆಯುವುದನ್ನು ಕಂಡವರಿಗೆ ಗೊತ್ತಿರುವಂತೆ, ಇಂತಹ ತೇರುಗಳಲ್ಲಿ ಸಾಮಾನ್ಯವಾಗಿ ಕೆತ್ತನೆಯ ಮರದ ಗಡ್ಡೆ ವರ್ಷವಿಡೀ ಉಳಿಯುವಂಥದ್ದು, ಅದರ ಮೇಲಿನ ಎತ್ತರದ ಭಾಗ ಜಾತ್ರೆಯ ವೇಳೆಗೆ ಗಳ ಮತ್ತು ಹಗ್ಗಗಳಿಂದ ಕಟ್ಟಿ ನಿಲ್ಲಿಸುವಂಥದ್ದು. ತೇರು ಓಲಾಡಿದರೂ ಮೇಲ್ಭಾಗ ಕಳಚದಿರುವುದು ಎದುರುಬದುರಾದ ಹಗ್ಗಗಳು ಸಮನಾಗಿ ಎಳೆದು ಹಿಡಿದಿರುವುದರಿಂದ. ಹಾಯಿಕಂಬವೂ ಹಾಗೆಯೇ ನಿಲ್ಲುತ್ತದೆ: ಒಂದು ಬದಿಯ ಹಗ್ಗವನ್ನು ಹೆಚ್ಚು ಬಿಗಿದರೆ ಕಂಬ ಆ ಕಡೆಗೆ ವಾಲುತ್ತದೆ, ಆಗ ಎದುರಿನ ಹಗ್ಗ ಸಡಿಲವಾಗಿ ಮೊದಲು ಕಟ್ಟಿದ್ದೆಲ್ಲವನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ಆದ್ದರಿಂದ ಹಗ್ಗಗಳನ್ನು ಕಟ್ಟುವುದಕ್ಕೆ ಒಂದು ಕ್ರಮವಿದೆ: ಕೆಳಗಿನಿಂದ ಮೇಲಕ್ಕೆ, ಕಂಬಕ್ಕೆ ಹತ್ತಿರದಿಂದ ಹೊರಕ್ಕೆ, ಕದಲದ ಹಗ್ಗಗಳಿಂದ ಚಲಿಸುವ ಹಗ್ಗಗಳಿಗೆ. ಈ ಕ್ರಮವನ್ನು ಬಿಟ್ಟವರ ಬೆರಳುಗಳಿಗೆ ಒಳಗಿನ ಗಂಟುಗಳು ಎಟುಕುವುದಿಲ್ಲ.

ಹಡಗೆಂಬ ಯಂತ್ರವು ಯಂತ್ರವಾಗುವುದು ಈ ಹಂತದಲ್ಲಿಯೇ ಎಂಬುದನ್ನು ಒತ್ತಿ ಹೇಳಬೇಕು. ಹಗ್ಗವಿಲ್ಲದ ಮಾದರಿ ಚೆಲುವಾದ ಮರಗೆಲಸವಾಗಿ ಉಳಿಯುತ್ತದೆ. ಹಗ್ಗ ಕಟ್ಟಿದಾಗಲೇ ಗಾಳಿಯ ಬಲವು ಹಾಯಿಯಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ಬದಿಯ ಹಗ್ಗಗಳ ಮೂಲಕ ಒಡಲಿಗೆ ಇಳಿದು ಇಡೀ ಹಡಗನ್ನು ಮುಂದೆ ತಳ್ಳುವ ದಾರಿ ಕಣ್ಣಿಗೆ ಕಾಣುತ್ತದೆ. ಇದನ್ನು ಓದಿ ತಿಳಿಯುವುದಕ್ಕೂ ಒಂದೊಂದೇ ಗಂಟು ಬಿಗಿಯುತ್ತ ತಿಳಿಯುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲ ಕಿಟ್ಟನ್ನು ಮುಗಿಸಿದವರು ಮಾಡದೆ ಬಿಟ್ಟವರಿಗಿಂತ ಹೆಚ್ಚು ತಿಳಿದಿರುತ್ತಾರೆಂದು ಹೇಳಿದರೆ ಸಾಲದು; ಮುಕ್ಕಾಲು ಭಾಗ ಮಾಡಿ ನಿಲ್ಲಿಸಿದವರಿಗಿಂತಲೂ ಬಹಳ ಹೆಚ್ಚು ತಿಳಿದಿರುತ್ತಾರೆ.

ಹಾಗಾದರೆ ಮೊದಲ ಹಡಗು ಯಾವುದಿರಬೇಕು? ಪೆಟ್ಟಿಗೆಯ ಮೇಲಿನ ಚಿತ್ರಕ್ಕೆ ಮರುಳಾಗಿ, 1765ರಲ್ಲಿ ನೀರಿಗಿಳಿದು 1805ರ ಟ್ರಫಾಲ್ಗರ್ ಕಾಳಗದಲ್ಲಿ ನೆಲ್ಸನ್ನನ ಹಡಗಾಗಿದ್ದ 'ವಿಕ್ಟರಿ'ಯನ್ನೇ ಮೊದಲು ಕೈಗೆತ್ತಿಕೊಳ್ಳುವವರು ಅನೇಕರು. ನೂರಕ್ಕೂ ಹೆಚ್ಚು ಫಿರಂಗಿಗಳ, ಮೂರು ಕಂಬಗಳ, ಮೂಲದಲ್ಲಿ ಸುಮಾರು 42 ಕಿಲೋಮೀಟರು ಹಗ್ಗವಿದ್ದಿತೆಂದು ಹೇಳಲಾಗುವ ಆ ಹಡಗು ಹೊಸಬರ ಕೈಗೆ ತಕ್ಕದ್ದಲ್ಲ. ಒಂದೇ ಕಂಬದ ಮೀನುಗಾರಿಕೆ ದೋಣಿ, ಬಂದರಿನ ಮಾರ್ಗದರ್ಶಿ ದೋಣಿ, ಹುಟ್ಟುದೋಣಿ ಇಂತಹವುಗಳಿಂದ ಆರಂಭಿಸುವುದು ವಿವೇಕ. ಅಮೆರಿಕದ ಒಂದು ತಯಾರಿಕಾ ಸಂಸ್ಥೆ ಡೋರಿ ಎಂಬ ಚಪ್ಪಟೆ ತಳದ ದೋಣಿಯಿಂದ ಹಾಯಿದೋಣಿಯವರೆಗೆ ಮೂರು ಮೆಟ್ಟಿಲುಗಳಲ್ಲಿ ಕಲಿಸುವ ಕಿಟ್ಟುಗಳನ್ನು ಹೊರತಂದಿರುವುದು ಇದೇ ಕಾರಣಕ್ಕೆ. ಭಾರತದ ಮರದಿಂದ ಕಟ್ಟಿದ ಹಡಗುಗಳ ಕಡೆಗೆ ಮನಸ್ಸು ಹೋದವರು ಮುಂದಿನ ದಿನಗಳಿಗೆ ಎರಡು ಹೆಸರುಗಳನ್ನು ನೆನಪಿಡಬಹುದು. ಮುಂಬಯಿಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಕಟ್ಟಿದ, 1817ರಲ್ಲಿ ನೀರಿಗಿಳಿದ 'ಟ್ರಿಂಕೋಮಲೀ' ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ತೇಲುತ್ತಿದೆ. 1819ರಲ್ಲಿ ಮುಂಬಯಿಯಲ್ಲಿಯೇ ನೀರಿಗಿಳಿದ ಇನ್ನೊಂದು ಹಡಗಿಗೆ ಶ್ರೀರಂಗಪಟ್ಟಣದ ಹೆಸರಿಟ್ಟಿದ್ದರು. ಆ ಹಡಗು ಉಳಿದಿಲ್ಲವಾದರೂ ಅದರ ಮೂತಿಯ ಮರದ ಪ್ರತಿಮೆ, ದೈತ್ಯ ಪಕ್ಷಿಯೊಂದರ ಮೇಲೆ ಕೊಡೆ ಹಿಡಿದು ಕುಳಿತ, ಟೀಪು ಸುಲ್ತಾನನೆಂದು ಗುರುತಿಸಲಾಗುವ ಆಕೃತಿ, ಗ್ರೀನಿಚ್‌ನ ಸಂಗ್ರಹದಲ್ಲಿದೆ.

ಕಿಟ್ ತಂದವರು ಪೆಟ್ಟಿಗೆಯ ಮರಕ್ಕೇ ಕಟ್ಟುಬೀಳಬೇಕಿಲ್ಲ. ತಪ್ಪಾಗಿ ಕತ್ತರಿಸಿದ ಪಟ್ಟಿಯ ಬದಲಿಗೆ ಊರಿನ ಬಡಗಿಯ ಅಂಗಡಿಯಲ್ಲಿ ತೇಗ ಅಥವಾ ಹಲಸಿನ ತುಂಡನ್ನು ತೆಳುವಾಗಿ ಸೀಳಿಸಿಕೊಳ್ಳಬಹುದು. ಬೇಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಬೆಳೆಸುವ ಸಿಲ್ವರ್ ಓಕ್ ಮರವೂ ಅಭ್ಯಾಸಕ್ಕೆ ಒದಗುತ್ತದೆ. ರಂಧ್ರದ ಬಿಲ್ಲೆ, ಪೀಪಾಯಿ, ಫಿರಂಗಿಗಳಂತಹ ದುಂಡು ಸಾಮಾನುಗಳಿಗೆ ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆಮರಕ್ಕಿಂತ ಒಳ್ಳೆಯದನ್ನು ಹುಡುಕಬೇಕಾಗಿಲ್ಲ, ಅದರ ಎಳೆ ಸಣ್ಣ, ಬಣ್ಣ ತಿಳಿ, ಚರಕಿಯಲ್ಲಿ ಅದು ಸಿಡಿಯದೆ ನುಣ್ಣಗೆ ಬರುತ್ತದೆ. ಹವೆಯ ವಿಚಾರದಲ್ಲಿ ಮಾತ್ರ ಎಚ್ಚರ ಬೇಕು. ಅರೆಮಲೆನಾಡಾದ ಬೇಲೂರಿನಲ್ಲಿ ಮಳೆಗಾಲದ ತೇವಕ್ಕೆ ಮರ ಉಬ್ಬುತ್ತದೆ, ಒಣಹವೆಯ ಅರಸೀಕೆರೆಯ ಬೇಸಿಗೆಯಲ್ಲಿ ಅದೇ ಮರ ಕುಗ್ಗಿ ಪಟ್ಟಿಗಳ ನಡುವೆ ಗೆರೆ ಬಿಡುತ್ತದೆ. ಹತ್ತಿಯ ದಾರ ತೇವದಲ್ಲಿ ಬಿಗಿದು ಒಣಗಿದಾಗ ಸಡಿಲವಾಗುತ್ತದೆ. ಪಟ್ಟಿಗಳನ್ನು ಕೆಲಸ ಮಾಡುವ ಕೋಣೆಯಲ್ಲಿಯೇ ಕೆಲವು ವಾರ ಇರಿಸಿ ಹವೆಗೆ ಹೊಂದಿಸಿದ ಮೇಲೆ ಅಂಟಿಸುವುದೂ, ಹಗ್ಗದ ಕೆಲಸವನ್ನು ಜಡಿಮಳೆಯ ತಿಂಗಳುಗಳಲ್ಲಿ ಮಾಡದಿರುವುದೂ, ಮುಗಿದ ಮಾದರಿಯನ್ನು ದೂಳು ತಾಗದಂತೆ, ಆದರೆ ಗಾಳಿಯಾಡಲು ಸಣ್ಣ ಕಿಂಡಿ ಬಿಟ್ಟ ಗಾಜಿನ ಪೆಟ್ಟಿಗೆಯಲ್ಲಿಡುವುದೂ ಮಾದರಿಯ ಆಯುಷ್ಯವನ್ನು ಹೆಚ್ಚಿಸುತ್ತವೆ.

ಮೊದಲ ಹಡಗನ್ನು ಮುಗಿಸಿದ ಈ ಸೀಮೆಯವರಿಗೆ ಎರಡನೆಯದಾಗಿ ಕೌಂಡಿನ್ಯಕ್ಕಿಂತ ತಕ್ಕ ಹಡಗು ಇಲ್ಲವೆನ್ನಬೇಕು. ಅದರ ಚೌಕ ಹಾಯಿಗಳು ಯೂರೋಪಿನ ಯುದ್ಧನೌಕೆಗಳ ಹಾಯಿಗಳಿಗಿಂತ ಸರಳ; ಹಿಂದೆ ಚುಕ್ಕಾಣಿಯ ಬದಲಿಗೆ ದಿಕ್ಕು ತಿರುಗಿಸುವ ಹುಟ್ಟುಗಳಿವೆ; ಹಲಗೆಗಳನ್ನು ಹೊಲಿಯುವುದಕ್ಕೆ ಬೇಕಾದ ನಾರು ಅರಸೀಕೆರೆ, ತಿಪಟೂರುಗಳ ತೆಂಗಿನ ತೋಟಗಳಲ್ಲಿಯೇ ಇದೆ, ಅದನ್ನು ಸಣ್ಣ ಎಳೆಗಳಾಗಿ ಬಿಡಿಸಿ ಹೊಸೆದರೆ ಮಾದರಿಗೂ ಮೂಲದ ವಸ್ತುವೇ ದೊರೆತಂತಾಗುತ್ತದೆ. ಅದಕ್ಕಿಂತಲೂ ಹತ್ತಿರದ ನಂಟು ಹಾಯಿಯ ಮೇಲಿದೆ. ಕೌಂಡಿನ್ಯದ ಹಾಯಿಗಳನ್ನು ಸೂರ್ಯ ಮತ್ತು ಗಂಡಭೇರುಂಡದ ಚಿತ್ರಗಳಿಂದ ಅಲಂಕರಿಸಲಾಗಿದ್ದು, ಅದರ ಮೂತಿಯಲ್ಲಿ ಸಿಂಹಯಾಳಿ ಕುಳಿತಿದೆ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಆನೆ, ಸಿಂಹ, ಶರಭ ಇತ್ಯಾದಿಯಾಗಿ ಒಂದನ್ನೊಂದು ಹಿಡಿದ ಪ್ರಾಣಿಗಳ ಸಾಲಿನ ಕೊನೆಗೆ ಎಲ್ಲವನ್ನೂ ಮೀರಿ ನಿಂತ ಎರಡು ತಲೆಯ ಆ ಹಕ್ಕಿಯ ಶಿಲ್ಪವಿದೆ. ಮಾದರಿಯ ಹಾಯಿಗೆ ಗಂಡಭೇರುಂಡವನ್ನು ಬರೆಯುವವರು ಅದನ್ನು ಬೇರೆಲ್ಲಿಂದಲೋ ನಕಲು ಮಾಡದೆ ಹೊಯ್ಸಳರ ಗೋಡೆಯಿಂದಲೇ ಗೆರೆ ತೆಗೆದುಕೊಳ್ಳಬಹುದು.

ಇಂತಹ ಮಾದರಿಯ ನಕ್ಷೆ, ಅಳತೆಗಿಳಿಸಿ ಕತ್ತರಿಸಿದ ಭಾಗಗಳು ಮತ್ತು ಕನ್ನಡದಲ್ಲಿ ಬರೆದ ಕೈಪಿಡಿಯನ್ನು ಒಂದು ಪೆಟ್ಟಿಗೆಯಲ್ಲಿ ಕೂಡಿಸಿ ಕೊಡಲು ಬೇಕಾದದ್ದೆಲ್ಲವೂ ರಾಜ್ಯದೊಳಗೇ ಇದೆ: ಚನ್ನಪಟ್ಟಣದಲ್ಲಿ ಮರ ತಿರುಗಿಸುವ ಕೈಗಳು, ಹಾಸನ ಜಿಲ್ಲೆಯಲ್ಲಿ ನಾರು, ಕಾರವಾರದಲ್ಲಿ ಹಡಗಿನ ನೆಲೆ, ಮಲ್ಪೆ ಗಂಗೊಳ್ಳಿಗಳಲ್ಲಿ ಮರದ ದೋಣಿಗಳ ಬಳಕೆಯನ್ನೂ ಅವುಗಳ ಭಾಗಗಳ ಕನ್ನಡ ಹೆಸರುಗಳನ್ನೂ ಬಲ್ಲ ಹಿರಿಯರು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿಗೆ ಬರುವ ಪ್ರವಾಸಿಗರ ಮುಂದಿಡಲು ಯೋಗ್ಯವಾದ ಕರಕುಶಲ ವಸ್ತುಗಳನ್ನು ಹುಡುಕುತ್ತಿರುವವರೂ, ಶಾಲೆಗಳಲ್ಲಿ ಕೈಗೆಲಸ ಕಲಿಸುವ ಶಿಕ್ಷಕರೂ ಇದನ್ನು ಕೈಗೆತ್ತಿಕೊಳ್ಳಬೇಕು. ದೋಣಿಗಳನ್ನು ಬಲ್ಲ ಆ ಹಿರಿಯರ ಮಾತುಗಳನ್ನು ಅವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಈ ಕೆಲಸದ ಮೊದಲ ಹೆಜ್ಜೆಯಾಗಲಿ.